ಮೂರು ಗಂಟೆ ನಿಲ್ಲಿಸಿದ ‘ಪ್ರೀಮಿಯಂ’ ಟಿಕೆಟ್: ಹಣ ವಾಪಸ್ ಕೋರಿ ಪ್ರವಾಸ ಸಂಸ್ಥೆಗೆ ದೂರು

ಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ
ಬೆಂಗಳೂರು

ವಿಷಯ: ಜೂನ್ 2025ರ ಲಂಡನ್ ಪ್ರವಾಸದಲ್ಲಿ ನೀವು ಕೊಟ್ಟ ತಪ್ಪು ಮಾಹಿತಿ ಮತ್ತು ನಾಟಕದ ಟಿಕೆಟ್ ಬಗ್ಗೆ

ಮಾನ್ಯರೇ,

ಲಂಡನ್ನಿನ ರೈಲಿನ ಮೇಲಾಗಲಿ ನಾಟಕದ ಮೇಲಾಗಲಿ ನನ್ನ ದೂರೇನೂ ಇಲ್ಲ. ಎರಡೂ ಅಚ್ಚುಕಟ್ಟಾಗಿದ್ದವು. ದೂರು ಇರುವುದು ನೀವು ಕೊಟ್ಟ ನಾಲ್ಕು ಪುಟದ ‘ಲಂಡನ್ ಗೈಡ್’ ಮೇಲೆ ಮತ್ತು ನೀವು ಮಾರಿದ ಎರಡು ಟಿಕೆಟ್‌ಗಳ ಮೇಲೆ.

ನಾವು ಸಾಗರದವರು. ಹೆಗ್ಗೋಡಿನ ನೀನಾಸಮ್ ನಾಟಕಗಳನ್ನು ನೋಡುತ್ತಲೇ ತಲೆ ನರೆತವರು. ಹಾಗಾಗಿ ಲಂಡನ್ನಿಗೆ ಹೋದರೆ ಶೇಕ್ಸ್‌ಪಿಯರನ ಹೆಸರಿನ ಗ್ಲೋಬ್ ರಂಗಮಂದಿರದಲ್ಲಿ ಒಂದು ನಾಟಕ ನೋಡಲೇಬೇಕು ಎಂದು ಬುಕಿಂಗ್ ಮಾಡುವಾಗಲೇ ಹೇಳಿದ್ದೆ. ನನ್ನ ಹೆಂಡತಿಗೆ 66 ವರ್ಷ, ಎರಡೂ ಮಂಡಿ ನೋವು ಎಂಬುದನ್ನೂ ಹೇಳಿದ್ದೆ. ಫೋನಿನಲ್ಲಿದ್ದ ನಿಮ್ಮ ಹುಡುಗ ‘ಸಾರ್, ಸ್ಟೇಜಿಗೆ ಅಂಟಿಕೊಂಡೇ ಇರೋ ಜಾಗ, ಪ್ರೀಮಿಯಂ, ಕೈ ಚಾಚಿದ್ರೆ ನಟರು ಸಿಗ್ತಾರೆ’ ಅಂದ. ತಲಾ ₹7,800 ಕಟ್ಟಿದೆ.

ಶನಿವಾರ ಮಧ್ಯಾಹ್ನ ಎರಡಕ್ಕೆ ಆಟ. ನೀವು ಕೊಟ್ಟಿದ್ದ ಒಂದೇ ಆಯ್‌ಸ್ಟರ್ ಕಾರ್ಡ್ (ಅಲ್ಲಿನ ರೈಲು, ಬಸ್ಸಿಗೆ ದುಡ್ಡು ತುಂಬಿಸಿ ಬಳಸುವ ಕಾರ್ಡ್) ಹಿಡಿದು ಅರ್ಲ್ಸ್ ಕೋರ್ಟ್ ಸ್ಟೇಷನ್ನಿಗೆ ಹೋದೆವು. ‘ಇಬ್ಬರಿಗೂ ಇದೇ ಸಾಕು’ ಎಂದು ಗೈಡಿನಲ್ಲಿ ಬರೆದಿದ್ದೀರಿ. ನಾನು ಕಾರ್ಡ್ ಒತ್ತಿ ಗೇಟು ದಾಟಿದೆ, ಅದನ್ನೇ ಹಿಂದಕ್ಕೆ ಕೊಟ್ಟೆ. ಆಕೆ ಒತ್ತಿದಾಗ ಕೆಂಪು ದೀಪ ಬಂತು, ಗೇಟು ತೆರೆಯಲಿಲ್ಲ. ನಾನು ಒಳಗೆ, ಆಕೆ ಹೊರಗೆ, ಮಧ್ಯೆ ಗೇಟು, ಹಿಂದೆ ಕಾಯುತ್ತ ನಿಂತ ಜನ. ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಬೇಕೇ ಬೇಕು, ಇಳಿದ ಮೇಲೂ ಅದನ್ನೇ ಒತ್ತಬೇಕು ಎಂದು ಅಲ್ಲಿಯ ಸಿಬ್ಬಂದಿ ಸಮಾಧಾನದಿಂದ ವಿವರಿಸಿದರು. ಏಳು ಪೌಂಡ್ ಕೊಟ್ಟು ಇನ್ನೊಂದು ಕಾರ್ಡ್ ಕೊಂಡೆವು.

ಆಮೇಲೆ ನಿಮ್ಮ ಗೈಡ್ ಹೇಳಿದಂತೆ ಪಿಕಡಿಲಿ ಲೈನ್ ರೈಲು ಹಿಡಿದು ಕವೆಂಟ್ ಗಾರ್ಡನ್‌ನಲ್ಲಿ ಇಳಿದೆವು. ‘ಲಿಫ್ಟಿಗೆ ಕಾಯಬೇಡಿ, ಮೆಟ್ಟಿಲು ಹತ್ತಿದರೆ ಎರಡೇ ನಿಮಿಷ’ ಎಂದೂ ಬರೆದಿದ್ದೀರಿ. ಇದನ್ನು ಬರೆದವರು ಆ ಮೆಟ್ಟಿಲನ್ನು ಕಂಡವರಲ್ಲ. ಸುರುಳಿ ಮೆಟ್ಟಿಲು, ಒಟ್ಟು 193. ಬುಡದಲ್ಲೇ ಎಚ್ಚರಿಕೆಯ ಬೋರ್ಡ್ ಇದೆ. ನನ್ನ ಹೆಂಡತಿ ಅದನ್ನು ಓದಿ, ‘ನೀವು ಹತ್ತಿ ಹೋಗಿ ನಾಟಕ ನೋಡ್ಕೊಂಡು ಬನ್ನಿ, ನಾನು ಇಲ್ಲೇ ಇರ್ತೀನಿ’ ಅಂದಳು. ಲಿಫ್ಟಿಗೇ ಕಾದೆವು.

ಮೇಲೆ ಬಂದು ದಾರಿ ಕೇಳಿದರೆ ಗ್ಲೋಬ್ ಅಲ್ಲಿ ಇಲ್ಲವೇ ಇಲ್ಲ! ಅದಿರುವುದು ಥೇಮ್ಸ್ ನದಿಯ ಆಚೆ ದಡದಲ್ಲಿ. ಲಂಡನ್ನಿನ ನಾಟಕವೆಂದರೆ ಕವೆಂಟ್ ಗಾರ್ಡನ್ ಸುತ್ತಲಿನ ವೆಸ್ಟ್ ಎಂಡ್ ರಂಗಮಂದಿರಗಳೇ ಎಂದು ಬಗೆದು ಯಾರದೋ ಗೈಡಿನ ಸಾಲನ್ನು ನಮ್ಮದಕ್ಕೆ ಅಂಟಿಸಿದ್ದೀರಿ. ಹೋಟೆಲಿಗೆ ವಾಪಸಾದ ಮೇಲೆ ನಕ್ಷೆ ನೋಡಿದೆ. ಅದೇ ಅರ್ಲ್ಸ್ ಕೋರ್ಟಿನಲ್ಲಿ ಡಿಸ್ಟ್ರಿಕ್ಟ್ ಲೈನ್ ಹತ್ತಿದ್ದರೆ ಎಲ್ಲೂ ಬದಲಿಸದೆ ಬ್ಲ್ಯಾಕ್‌ಫ್ರಯರ್ಸ್‌ಗೆ ಹೋಗಿ, ಅಲ್ಲಿಂದ ನಡೆದೇ ತಲುಪಬಹುದಿತ್ತು. ‘ಬಸ್ಸಿಗೆ ಚಿಲ್ಲರೆ ಇಟ್ಟುಕೊಳ್ಳಿ’ ಎಂಬ ಸಾಲನ್ನೂ ಅಳಿಸಿಹಾಕಿ. ಲಂಡನ್ನಿನ ಬಸ್ಸುಗಳಲ್ಲಿ 2014ರಿಂದಲೇ ನಗದು ತೆಗೆದುಕೊಳ್ಳುವುದಿಲ್ಲ. ಹೊತ್ತು ಮೀರಿದ್ದರಿಂದ 16 ಪೌಂಡ್ ತೆತ್ತು ಟ್ಯಾಕ್ಸಿಯಲ್ಲಿ ಹೋದೆವು.

ಅಷ್ಟರಲ್ಲಿ ಆಟ ಶುರುವಾಗಿತ್ತು. 1599ರ ಹಳೆಯ ರಂಗಮಂದಿರದ ಮಾದರಿಯಲ್ಲಿ ಕಟ್ಟಿ 1997ರಲ್ಲಿ ತೆರೆದದ್ದಂತೆ. ಹುಲ್ಲಿನ ಮಾಡು ಸುತ್ತಲಿನ ಗ್ಯಾಲರಿಗೆ, ನಡುವಿನ ಅಂಗಳಕ್ಕೆ ಆಕಾಶವೇ ಮಾಡು. ನೀವು ‘ಪ್ರೀಮಿಯಂ’ ಎಂದು ಮಾರಿದ್ದು ಆ ಅಂಗಳವನ್ನು. ಅಲ್ಲಿ ಕುರ್ಚಿಯಿಲ್ಲ, ಬೆಂಚಿಲ್ಲ. ಎಲ್ಲರೂ ನಿಂತೇ ನೋಡಬೇಕು. ಟಿಕೆಟ್ ಮೇಲೆ ಮುದ್ರಿಸಿದ ಬೆಲೆ ತಲಾ 10 ಪೌಂಡ್.

ಬಯಲಾಟಕ್ಕೆ ಕಂಬಳಿ ಹಾಸಿ ಬೆಳಗಿನ ತನಕ ಕೂತು ರೂಢಿಯಿರುವ ನನ್ನ ಹೆಂಡತಿ ಬ್ಯಾಗಿನಿಂದ ಟವೆಲ್ ತೆಗೆದು ನೆಲಕ್ಕೆ ಹಾಸಿ ಕೂತುಬಿಟ್ಟಳು. ಸ್ವಯಂಸೇವಕಿಯೊಬ್ಬರು ಬಗ್ಗಿ, ‘ಆಟ ನಡೆಯುವಾಗ ಇಲ್ಲಿ ಕೂರುವ ಹಾಗಿಲ್ಲ, ಕ್ಷಮಿಸಿ’ ಎಂದರು. ಟವೆಲ್ ಮಡಚಿ, ಹಿಂದಿನ ಗೋಡೆಗೆ ಒರಗಿ ನಿಂತಳು. ಅಷ್ಟರಲ್ಲಿ ಜಿಟಿಜಿಟಿ ಮಳೆ. ನಿಮ್ಮ ಗೈಡ್ ಹೇಳಿತೆಂದು ಕೊಡೆ ಒಯ್ದಿದ್ದೆವು. ಅಂಗಳದಲ್ಲಿ ಕೊಡೆ ಬಿಚ್ಚುವಂತಿಲ್ಲ! ಗ್ಯಾಲರಿಯಲ್ಲಿ ಮರದ ಬೆಂಚುಗಳಿದ್ದವು, ಬಾಡಿಗೆಗೆ ದಿಂಬೂ ಸಿಗುತ್ತಿತ್ತು. ಬದಲಿಸಿಕೊಡಿ ಎಂದು ಕೇಳಿದರೆ ಅಂದು ಒಂದೂ ಜಾಗ ಖಾಲಿ ಇರಲಿಲ್ಲ.

ವಿರಾಮದ ಹೊತ್ತಿಗೆ ಆಕೆಯ ಮಂಡಿ ಊದಿತ್ತು. ಉಳಿದರ್ಧ ನಾಟಕದ ಹೊತ್ತು ಹೊರಗೆ ನದಿ ದಂಡೆಯ ಬೆಂಚಿನಲ್ಲಿ ಕೂತು, ಆಚೆ ದಡದ ಸೇಂಟ್ ಪಾಲ್ಸ್ ಗುಮ್ಮಟ ನೋಡಿದಳು. ಆಕೆಯೇ ‘ಹೋಗಿ’ ಅಂದದ್ದರಿಂದ ನಾನು ಒಳಗೆ ಹೋದೆ. ನಾಟಕ ಬಹಳ ಚೆನ್ನಾಗಿತ್ತು, ಅದಕ್ಕೆ ಮನೆಯಲ್ಲಿ ಈಗಲೂ ಮಾತು ಕೇಳುತ್ತಿದ್ದೇನೆ.

ಇದನ್ನೆಲ್ಲ ಜುಲೈನಲ್ಲೇ ಇಮೇಲ್ ಮಾಡಿದ್ದೆ. ‘ಟಿಕೆಟ್ ಮೇಲೆ ಯಾರ್ಡ್ ಎಂದು ನಮೂದಿಸಿದೆ’ ಎಂಬ ಒಂದು ಸಾಲು, ಮುಂದಿನ ಪ್ರವಾಸಕ್ಕೆ ₹2,000 ಕೂಪನ್ ಬಂತು. ಯಾರ್ಡ್ ಎಂದರೆ ನಿಲ್ಲುವ ಜಾಗ ಎಂದು ಗೊತ್ತಿದ್ದೂ, ಮಂಡಿ ನೋವಿನವರಿಗೆ ಅದನ್ನೇ ಆರು ಪಟ್ಟು ಬೆಲೆಗೆ ಮಾರಿದಿರಿ ಎಂದಾಯಿತಲ್ಲ?

ನನ್ನ ಲೆಕ್ಕ ಹೀಗಿದೆ. ನಾನು ಕೊಟ್ಟದ್ದು ₹15,600. ಎರಡು ಟಿಕೆಟ್‌ಗಳ ನಿಜ ಬೆಲೆ ₹2,400 ಎಂದು ಧಾರಾಳವಾಗಿ ಹಿಡಿದರೂ ನೀವು ಕೊಡಬೇಕಾದದ್ದು ₹13,200. ಜೊತೆಗೆ ಟ್ಯಾಕ್ಸಿ ಮತ್ತು ಎರಡನೆಯ ಕಾರ್ಡಿನ 23 ಪೌಂಡ್, ಆ ದಿನದ ದರದಲ್ಲಿ. ಈ ಪತ್ರ ತಲುಪಿದ 15 ದಿನದೊಳಗೆ ನಾನು ಹಣ ಕಟ್ಟಿದ ಖಾತೆಗೇ ಜಮಾ ಮಾಡಿ. ಇಲ್ಲವಾದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆಯ ಪ್ರಕಾರ ದೂರುದಾರ ತಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಐದು ಲಕ್ಷದವರೆಗೆ ಶುಲ್ಕವೂ ಇಲ್ಲ. ನಾನು ನಿವೃತ್ತ, ಪುರುಸೊತ್ತಿದೆ.

ಟಿಕೆಟ್‌ಗಳ ಪ್ರತಿ, ಎರಡು ರಸೀದಿ, ನಿಮ್ಮ ಗೈಡಿನ ಮೂರನೇ ಪುಟ ಇದರ ಜೊತೆಗಿವೆ. ಕೂಪನ್ನನ್ನೂ ಇಟ್ಟಿದ್ದೇನೆ, ನಮಗೆ ಬೇಡ.

ಇತಿ,
ನೊಂದ ಗ್ರಾಹಕ
ಸಾಗರ, ಶಿವಮೊಗ್ಗ ಜಿಲ್ಲೆ