ತರಬೇತಿ ಹೊಲದಲ್ಲಿ ನಡೆಯಲಿ

ಮಾನ್ಯರೇ,

ಗದಗ ಜಿಲ್ಲೆಯ ಎರೆ ಹೊಲದಲ್ಲಿ ಹೆಸರು ಬಿತ್ತುವವರಿಗೆ ಮಳೆ ಬಾರದಿದ್ದರೆ ಒಂದು ಚಿಂತೆ, ಬಂದರೆ ಇನ್ನೊಂದು. ಕಾಯಿ ಬಿಡಿಸುವ ಹೊತ್ತಿಗೇ ಜಡಿಮಳೆ ಹಿಡಿದರೆ ಗಿಡದಲ್ಲೇ ಕಾಳು ಮೊಳಕೆ ಒಡೆಯುತ್ತದೆ. ಅದನ್ನು ಯಾರು ಕೊಳ್ಳುತ್ತಾರೆ ಹೇಳಿ?

ಹವಾಮಾನಕ್ಕೆ ತಕ್ಕ ಬೇಸಾಯದ ತರಬೇತಿ ಬೇಕೇ ಬೇಕು. ಆದರೆ ನಾನು ಹೋದ ಕಡೆ ಸಿಕ್ಕಿದ್ದು ಪರದೆ ಮೇಲೆ ಚಿತ್ರ, ಒಂದು ಬ್ಯಾಗು, ಗ್ರೂಪ್ ಫೋಟೊ. ಊಟವೇನೋ ಚೆನ್ನಾಗಿತ್ತು ಬಿಡಿ. ಚೌಕು ಮಡಿ ಹಾಕುವುದನ್ನು ಮಾತ್ರ ಯಾರೂ ಮಾಡಿ ತೋರಿಸಲಿಲ್ಲ. ಮುಂಗಾರಿನಲ್ಲಿ ಹೊಲ ಖಾಲಿ ಬಿಟ್ಟು ಹಿಂಗಾರಿಗೆ ಜೋಳ, ಕಡಲೆ ಬಿತ್ತುವವರಿಗೆ ಇದು ಅಗ್ಗದ ಉಪಾಯ. ಸಣ್ಣ ಮಣ್ಣಿನ ಏರಿ ಎಳೆದು ಹೊಲವನ್ನು ಮಡಿ ಮಡಿ ಮಾಡಿದರೆ ಬಿದ್ದ ಮಳೆ ಹರಿದು ಹೋಗದೆ ಅಲ್ಲೇ ಇಂಗುತ್ತದೆ. ಎರೆ ಮಣ್ಣು ಆ ಹಸಿಯನ್ನು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಆದರೆ ಇಳಿಜಾರು ಜಾಸ್ತಿ ಇದ್ದರೆ ಮಡಿ ಎಷ್ಟು ಚಿಕ್ಕದಿರಬೇಕು ಅನ್ನೋದು ಕುರ್ಚಿಯಲ್ಲಿ ಕೂತು ಕಲಿಯುವ ವಿದ್ಯೆ ಅಲ್ಲ.

ಕಲಿಸುವವರಿಗೆ ನಮ್ಮಲ್ಲಿ ಬರ ಇಲ್ಲ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ 1986ರಿಂದ ಇದೆ, ಹುಲಕೋಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಹೋಬಳಿಗೆ ಒಬ್ಬ ರೈತರ ಹೊಲ ಗೊತ್ತು ಮಾಡಿ, ಬಿತ್ತನೆಗೆ ಮುಂಚೆ ಒಮ್ಮೆ, ರಾಶಿ ಹೊತ್ತಿಗೆ ಒಮ್ಮೆ ಎಲ್ಲರನ್ನೂ ಅಲ್ಲೇ ಸೇರಿಸಲಿ. ಕಳೆ ತೆಗೆಯುವ ಹೆಣ್ಣುಮಕ್ಕಳನ್ನೂ ಕರೆಯಲಿ. ಪಹಣಿ ಅವರ ಹೆಸರಲ್ಲಿ ಇಲ್ಲ ಅಂತ ಬಿಡುವುದು ಸರಿಯಲ್ಲ, ಅಲ್ವಾ? ಬ್ಯಾಗು ಸುಮ್ನೆ ಖರ್ಚು. ಆ ದುಡ್ಡಲ್ಲಿ ಊರಿಗೊಂದು ಮಳೆಮಾಪಕ ಇಡಿಸಲಿ.

– ಒಬ್ಬ ರೈತ, ರೋಣ ತಾಲ್ಲೂಕು