ಹಸಿರು ಆಭರಣ ಎನ್ನುವವರು ಮೂಲವನ್ನೂ ಹೇಳಲಿ

ಮಾನ್ಯ ಸಂಪಾದಕರಿಗೆ,

ನಟಿಯೊಬ್ಬರು ಪರಿಸರಸ್ನೇಹಿ ಆಭರಣ ಕಂಪನಿಯ ರಾಯಭಾರಿಯಾದ ಸುದ್ದಿಯನ್ನು ನಿಮ್ಮ ಸಿನಿಮಾ ಪುರವಣಿಯಲ್ಲಿ ಓದಿದೆ. ತಾವು ನಂಬಿದ ಮೌಲ್ಯಗಳಿಗೆ ಈ ಆಭರಣ ಹೊಂದುತ್ತದೆ, ಅದಕ್ಕೇ ಒಪ್ಪಿಕೊಂಡೆ ಎಂದು ಅವರು ಹೇಳಿದ್ದಾರೆ. ಓದಿ ಸಂತೋಷವೇ ಆಯಿತು. ಬಂಗಾರವೆಂದರೆ ತೂಕ, ಡಿಸೈನ್, ಇವತ್ತಿನ ರೇಟು, ಇಷ್ಟೇ ಮಾತಾಗಿರುವ ಕಾಲದಲ್ಲಿ ಅದು ಯಾರ ನೆಲ ಅಗೆದು ಬಂತು ಎಂದು ಯೋಚಿಸುವಂತೆ ಜನಪ್ರಿಯ ವ್ಯಕ್ತಿಯೊಬ್ಬರು ಮಾತೆತ್ತಿದ್ದಾರೆ. ಆದರೆ ಆ ಬಂಗಾರ ಯಾವ ಗಣಿಯದು, ಹಳೆಯದನ್ನು ಕರಗಿಸಿದ್ದೋ ಹೊಸದೋ, ಹರಳು ಎಲ್ಲಿ ತಯಾರಾಯಿತು ಎಂಬ ಬಗ್ಗೆ ವರದಿಯಲ್ಲಿ ಒಂದು ಸಾಲೂ ಇರಲಿಲ್ಲ. ಈ ಪತ್ರ ಬರೆಯಲು ಅದೇ ಕಾರಣ.

ನಮ್ಮದು ವಿಜಯಪುರದ ಪತ್ತಾರ, ಅಂದರೆ ಅಕ್ಕಸಾಲಿಗರ, ಮನೆತನ. ಮುಂದಿನ ಖೋಲಿಯಲ್ಲಿ ನಮ್ಮ ಯಜಮಾನರು ಕೆಲಸ ಮಾಡುತ್ತಾರೆ. ಗಿರಾಕಿಗಳ ಜೊತೆ ಮಾತಾಡುವುದು, ಲೆಕ್ಕ ಬರೆಯುವುದು ನನ್ನ ಪಾಲಿನ ಕೆಲಸ. ನಟಿಯರ ಮಾತಿಗೆ ಎಷ್ಟು ಬೆಲೆ ಇದೆ ಎಂಬುದನ್ನು ದಿನವೂ ನೋಡುತ್ತೇನೆ. ಮದುವೆ ಗೊತ್ತಾದ ಹುಡುಗಿಯರು ಮೊಬೈಲು ಮುಂದೆ ಹಿಡಿದು, ‘ಆಂಟಿ, ಸೇಮ್ ಹಿಂಗ ಬೇಕ್ರಿ’ ಎನ್ನುತ್ತಾರೆ. ತಾಯಂದಿರು ಬೋರಮಳ, ಪಾಟ್ಲಿ ಎಂದು ಹೇಳುತ್ತಿದ್ದರೂ ಕೊನೆಗೆ ನಡೆಯುವುದು ಮೊಬೈಲಿನ ಚಿತ್ರದ ಮಾತೇ. ಇಂಥ ಮಾತಿನ ಬಲ ಇರುವವರು ‘ಇದು ಪರಿಸರಕ್ಕೆ ಒಳ್ಳೆಯದು’ ಎಂದಾಗ ಅದರ ಹಿಂದೆ ಗಟ್ಟಿ ಮಾಹಿತಿ ಇರಬೇಕು.

ಹೊಸ ಬಂಗಾರದ ಕತೆ ನಮ್ಮ ರಾಜ್ಯದವರಿಗೆ ಯಾರೂ ಹೊರಗಿನಿಂದ ಬಂದು ಹೇಳಬೇಕಾಗಿಲ್ಲ. ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿ ನಮಗೆ ದೂರವಲ್ಲ. ಗಣಿಯ ಅದಿರನ್ನು ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಬಂಗಾರವನ್ನು ಬೇರ್ಪಡಿಸುತ್ತಾರೆ. ಒಂದು ಟನ್ ಅದಿರಿಗೆ ಸಿಗುವುದು ಕೆಲವೇ ಗ್ರಾಂ, ಉಳಿದದ್ದೆಲ್ಲ ತ್ಯಾಜ್ಯ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು, ಅದರ ಸೈನೈಡ್ ದಿಬ್ಬಗಳು ಮಾತ್ರ ಹಾಗೇ ನಿಂತಿವೆ. ಗಾಳಿ ಎದ್ದಾಗ ಆ ಧೂಳು ಊರೊಳಗೆ ಬರುತ್ತದೆ. ಹೊರದೇಶಗಳ ಸಣ್ಣ ಗಣಿಗಳಲ್ಲಿ ಬಂಗಾರ ಹಿಡಿಯಲು ಪಾದರಸ ಬಳಸುತ್ತಾರೆ. ಮನುಷ್ಯರಿಂದ ಪರಿಸರಕ್ಕೆ ಸೇರುವ ಪಾದರಸದ ಅತಿ ದೊಡ್ಡ ಮೂಲ ಇದೇ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಹೇಳಿದೆ. ನಮ್ಮ ದೇಶ ವರ್ಷಕ್ಕೆ 700–800 ಟನ್ ಬಂಗಾರ ತರಿಸಿಕೊಳ್ಳುತ್ತದೆ. ಅಂಗಡಿಯ ಗಾಜಿನೊಳಗೆ ಕೂತ ನೆಕ್ಲೇಸು ನೋಡಿದರೆ ಇದ್ಯಾವುದೂ ತಿಳಿಯುವುದಿಲ್ಲ.

ಹಾಲ್‌ಮಾರ್ಕ್ ಎಂಬ ಶುದ್ಧತೆಯ ಮುದ್ರೆ ಇದೆಯಲ್ಲ ಎಂದು ಕೆಲವರು ಕೇಳಬಹುದು. 2023ರ ಏಪ್ರಿಲ್‌ನಿಂದ ಹಾಲ್‌ಮಾರ್ಕ್ ಕಡ್ಡಾಯವಿರುವ ಕಡೆ ಆರು ಅಕ್ಷರ–ಅಂಕಿಯ ಎಚ್‌ಯುಐಡಿ (ಆ ಒಡವೆಯದೇ ಗುರುತಿನ ಸಂಖ್ಯೆ) ಇಲ್ಲದ ಒಡವೆ ಮಾರುವಂತಿಲ್ಲ. ಆ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ಶುದ್ಧತೆ ಎಷ್ಟು, ಯಾವ ಸರಾಫರದು, ಎಲ್ಲಿ ಪರೀಕ್ಷೆ ಆಯಿತು ಎಂಬುದು ಸಿಗುತ್ತದೆ. ಗಿರಾಕಿಗೆ ಇದರಿಂದ ದೊಡ್ಡ ಉಪಕಾರವಾಗಿದೆ. ಆದರೆ ಆ ಬಂಗಾರ ಹುಟ್ಟಿದ ಜಾಗ ಯಾವುದು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. 22 ಕ್ಯಾರೆಟ್ ಎಂಬುದು ಒರೆಗಲ್ಲಿಗೆ ಸಿಗುತ್ತದೆ, ಯಂತ್ರಕ್ಕೂ ಸಿಗುತ್ತದೆ. ಗಣಿಯ ಹೆಸರು ಎರಡಕ್ಕೂ ಸಿಗುವುದಿಲ್ಲ. ಒಮ್ಮೆ ಕರಗಿದರೆ ಎಲ್ಲ ಬಂಗಾರವೂ ಒಂದೇ. ಹಾಗಾಗಿ ಮೂಲವನ್ನು ಕಾಗದಪತ್ರದಲ್ಲಿ ತೋರಿಸಬೇಕಾದವರು ಮಾರುವವರೇ.

ಇನ್ನು ಪ್ರಯೋಗಾಲಯದ ವಜ್ರ. ಹಸಿರು ಆಭರಣದ ಜಾಹೀರಾತುಗಳಲ್ಲಿ ಈಗ ಇದೇ ಮುಂದೆ ಇದೆ. ಸ್ಪೇನಿನ ನಟಿ ಪೆನೆಲೊಪೆ ಕ್ರೂಸ್ 2018ರಲ್ಲೇ ಹರಳಿನ ಒಡವೆಯ ಕಂಪನಿ ಸ್ವರೋಸ್ಕಿ ಜೊತೆಗೂಡಿ ಇಂಥ ಹರಳುಗಳ ಒಡವೆ ತಂದಿದ್ದರು. ನಮ್ಮಲ್ಲಿ ಸೂರತ್ ಇದರ ದೊಡ್ಡ ಕೇಂದ್ರ. ವಜ್ರದ ತೆಳುವಾದ ಚೂರೊಂದನ್ನು ಯಂತ್ರದ ಮುಚ್ಚಿದ ಕೋಣೆಯಲ್ಲಿಟ್ಟು, ಮೀಥೇನ್ ಮತ್ತು ಹೈಡ್ರೋಜನ್ ಬಿಟ್ಟು, ವಿಪರೀತ ಶಾಖದಲ್ಲಿ ವಾರಗಟ್ಟಲೆ ಬೆಳೆಸುತ್ತಾರೆ. ನೆಲ ಅಗೆಯುವುದು ತಪ್ಪಿತು, ನಿಜ. ಆದರೆ ಅಷ್ಟು ದಿನ ಆ ಯಂತ್ರ ಓಡಲು ಕರೆಂಟು ಬೇಕು. ಕರೆಂಟು ಎಲ್ಲಿಂದ ಬರುತ್ತದೆ ಎಂಬುದು ನಮ್ಮ ಜಿಲ್ಲೆಯವರಿಗೆ ಚೆನ್ನಾಗಿ ಗೊತ್ತು. ಒಂದು ಕಡೆ ಆಲಮಟ್ಟಿಯಲ್ಲಿ ಕೃಷ್ಣೆಯ ನೀರಿನಿಂದ ವಿದ್ಯುತ್ ತೆಗೆಯುತ್ತಾರೆ, ಇನ್ನೊಂದು ಕಡೆ ಕೂಡಗಿಯಲ್ಲಿ 2,400 ಮೆಗಾವ್ಯಾಟ್ ಸ್ಥಾವರ ಕಲ್ಲಿದ್ದಲು ಸುಡುತ್ತದೆ. ಒಂದೇ ವಜ್ರವನ್ನು ನೀರಿನ ಕರೆಂಟಿನಿಂದ ಬೆಳೆಸಿದರೆ ಒಂದು ಲೆಕ್ಕ, ಕಲ್ಲಿದ್ದಲಿನ ಕರೆಂಟಿನಿಂದ ಬೆಳೆಸಿದರೆ ಇನ್ನೊಂದು ಲೆಕ್ಕ. 2023ರಲ್ಲಿ ನಮ್ಮ ಪ್ರಧಾನಿ ಅಮೆರಿಕದ ಅಂದಿನ ಅಧ್ಯಕ್ಷರ ಪತ್ನಿಗೆ 7.5 ಕ್ಯಾರೆಟ್‌ನ ಇಂಥ ವಜ್ರ ಕೊಟ್ಟಾಗ, ತಯಾರಿಕೆಗೆ ಸೌರ ಮತ್ತು ಪವನ ವಿದ್ಯುತ್ ಬಳಸಲಾಗಿದೆ ಎಂದು ತಿಳಿಸಿದ್ದರು. ಹೇಳುವ ಮನಸ್ಸಿದ್ದರೆ ಒಂದೇ ಸಾಲಿನಲ್ಲಿ ಹೇಳಬಹುದು. 2019ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಪ್ರಯೋಗಾಲಯ ವಜ್ರದ ಕೆಲವು ಕಂಪನಿಗಳಿಗೆ, ಆಧಾರವಿಲ್ಲದೆ ಪರಿಸರಸ್ನೇಹಿ ಎನ್ನಬೇಡಿ ಎಂದು ಎಚ್ಚರಿಕೆಯ ಪತ್ರ ಬರೆದಿತ್ತು.

ನಮ್ಮಲ್ಲೂ ಕಾನೂನಿದೆ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ‘ಹಸಿರು’, ‘ಪರಿಸರಸ್ನೇಹಿ’ ಎಂಬ ಮಾತು ಬಳಸುವವರು ಅದಕ್ಕೆ ಪುರಾವೆ ಇಟ್ಟಿರಬೇಕು, ಗ್ರಾಹಕನಿಗೆ ಅದು ಸಿಗುವಂತಿರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ತಪ್ಪು ಜಾಹೀರಾತಿಗೆ ಮುಖ ಕೊಟ್ಟವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಮೊದಲೇ ವಿಚಾರಿಸಿ ಖಚಿತ ಮಾಡಿಕೊಂಡಿದ್ದರೆ ಅವರಿಗೆ ರಕ್ಷಣೆ ಉಂಟು. ಆದ್ದರಿಂದ ಆ ನಟಿ ಕಂಪನಿಯವರನ್ನು ಕೂರಿಸಿಕೊಂಡು ಕಾಗದ ಕೇಳುವುದು ಅವರ ಹಿತಕ್ಕೂ ಒಳ್ಳೆಯದು. ಕೇಳಿದ್ದನ್ನು ನಮಗೂ ಹೇಳಿದರೆ, ಅವರ ಮೌಲ್ಯದ ಮಾತನ್ನು ನಾನು ತುಂಬು ಮನಸ್ಸಿನಿಂದ ನಂಬುತ್ತೇನೆ.

ನನಗೆ ಬೇಸರ ತಂದ ಇನ್ನೊಂದು ಸಂಗತಿ ಇದೆ. ಪರಿಸರಕ್ಕೆ ಕಡಿಮೆ ಪೆಟ್ಟು ಕೊಡುವ ಆಭರಣ ಎಂಬುದು ಹೊಸ ಕಂಪನಿಗಳು ಈಗ ಕಂಡುಹಿಡಿದದ್ದು ಎಂಬಂತೆ ಆ ವರದಿ ಇತ್ತು. ನಮ್ಮ ಕಡೆ ಬಂಗಾರ ‘ಮುರಿಸಿ ಮಾಡಿಸುವುದು’ ಎಂದಿನಿಂದಲೂ ಇದೆ. ಅಜ್ಜಿಯ ಬಿಲ್ವಾರ ಕರಗಿ ಮೊಮ್ಮಗಳ ಬಳೆಯಾಗುತ್ತದೆ. ಕರಗಿಸುವ ಹೊತ್ತಿಗೆ ಮನೆಯವರು ಎದುರಿಗೇ ಕೂತಿರುತ್ತಾರೆ, ಬೇರೆ ಬಂಗಾರ ಬೆರೆಯಬಾರದೆಂದು. ಮುರಿದ ಚೂರುಗಳನ್ನು ಮೂಸೆಗೆ ಹಾಕಿ, ಚಿಟಿಕೆ ಬಿಳಿಗಾರ ಉದುರಿಸಿ ಉರಿ ಹಿಡಿದರೆ, ಮೊದಲು ಅಂಚು ಕುಸಿಯುತ್ತದೆ, ಆಮೇಲೆ ಎಲ್ಲ ಸೇರಿ ಒಂದೇ ಗುಂಡಾಗಿ ತಿರುಗತೊಡಗುತ್ತದೆ. ಆ ಗಳಿಗೆಯಲ್ಲಿ ಎಷ್ಟೋ ಹೆಂಗಸರ ಕಣ್ಣು ತುಂಬಿದ್ದನ್ನು ಕಂಡಿದ್ದೇನೆ. ಈ ಬಳೆಗಾಗಿ ಹೊಸದಾಗಿ ಒಂದು ಗುದ್ದಲಿ ಮಣ್ಣೂ ಎತ್ತುವುದಿಲ್ಲ. ಅರ ಹಾಕಿದ ಪುಡಿಯನ್ನೂ ಬಿಡದೆ ಬಳಿದಿಡುತ್ತೇವೆ. ಕಸ ಗುಡಿಸಿದ ಧೂಳನ್ನು ಕೊಂಡೊಯ್ಯುವವರೇ ಬೇರೆ ಇದ್ದಾರೆ, ಅದನ್ನು ತೊಳೆದು ಕಣಕಣ ಬಂಗಾರ ತೆಗೆದು ಹೊಟ್ಟೆ ಹೊರೆಯುವವರು.

ಹಾಗೆಂದು ನಮ್ಮ ಕಸುಬು ಪೂರಾ ನಿರ್ಮಲ ಎನ್ನಲಾರೆ. ಧೂಳು ತೊಳೆಯುವವರು ಆಸಿಡ್, ಪಾದರಸ ಮುಟ್ಟುತ್ತಾರೆ, ಕೈಗವಸು ಇರುವುದಿಲ್ಲ. ಕೆಡಿಎಂ ಎಂದು ಜನ ಹೆಮ್ಮೆಯಿಂದ ಕೇಳುತ್ತಿದ್ದ ಒಡವೆಗೆ ಹಾಕುತ್ತಿದ್ದದ್ದು ಕ್ಯಾಡ್ಮಿಯಂ ಬೆಸುಗೆ. ಅದರ ಹೊಗೆ ಊದುಕೊಳವೆ ಹಿಡಿದವನ ಶ್ವಾಸಕೋಶಕ್ಕೆ ಹೋಗುತ್ತಿತ್ತು. ಬಿಐಎಸ್ ಅದನ್ನು ಒಪ್ಪುವುದಿಲ್ಲವಾದರೂ ‘ಕೆಡಿಎಂ ಐತೇನ್ರಿ’ ಎಂದು ಕೇಳುವವರು ಈಗಲೂ ಬರುತ್ತಾರೆ. ನಟಿಯೊಬ್ಬರು ಈ ಒಂದು ಮಾತನ್ನು ಜನರಿಗೆ ತಿಳಿಸಿದರೂ ಎಷ್ಟೋ ಪತ್ತಾರರ ಎದೆ ಉಳಿದೀತು. ಪರಿಸರವೆಂದರೆ ಕೆಲಸಗಾರ ಉಸಿರಾಡುವ ಗಾಳಿಯೂ ಹೌದಲ್ಲವೇ?

ಬಂಗಾರವೇ ಬೇಡ ಎನ್ನುವವರಿಗೂ ನಮ್ಮ ಸುತ್ತ ಬೇಕಾದಷ್ಟಿದೆ. ಗುಳೇದಗುಡ್ಡದ ಖಣದ (ಕುಪ್ಪಸದ ಬಟ್ಟೆಯ) ತುಂಡು ಕೂಡಿಸಿದ ಕಿವಿಯೋಲೆ, ಸುಟ್ಟ ಮಣ್ಣಿನ ಸರ ಕಾಲೇಜು ಹುಡುಗಿಯರಿಗೆ ಒಪ್ಪುತ್ತವೆ. ಇವನ್ನು ಮಾಡುವವರಿಗೆ ರಾಯಭಾರಿಯನ್ನು ಇಟ್ಟುಕೊಳ್ಳುವ ಶಕ್ತಿಯಿಲ್ಲ.

ಸಂಪಾದಕರೇ, ಇಂಥ ಸುದ್ದಿ ಮತ್ತೆ ಬಂದಾಗ ಬಂಗಾರದ ಮೂಲ ಯಾವುದು, ಹರಳಿಗೆ ಬಳಸಿದ ವಿದ್ಯುತ್ ಯಾವುದು, ಕುಶಲಕರ್ಮಿಗೆ ಸಿಕ್ಕ ಮಜೂರಿ ಎಷ್ಟು ಎಂದು ನಿಮ್ಮ ವರದಿಗಾರರು ಕೇಳಲಿ. ಉತ್ತರ ಸಿಕ್ಕರೆ ಅಚ್ಚು ಹಾಕಿ, ಸಿಗದಿದ್ದರೆ ಸಿಗಲಿಲ್ಲ ಎಂದೇ ಬರೆಯಿರಿ. ಅಕ್ಷಯ ತೃತೀಯದ ಜಾಹೀರಾತು ಶುರುವಾಗುವ ಮುಂಚೆ ಒಬ್ಬರನ್ನು ನಮ್ಮ ಸರಾಫ ಬಜಾರಕ್ಕೂ ಕಳಿಸಿ. ಆಗ ಮದುವೆಯ ಕೆಲಸ ಜೋರಾಗಿರುತ್ತದೆ, ಹಳೆಯ ಬಂಗಾರ ಮುರಿಸಲು ಬಂದವರನ್ನೇ ಮಾತಾಡಿಸಬಹುದು.

ಇಂತಿ ನಿಮ್ಮ ಓದುಗಳು,
ಪತ್ತಾರ ಮನೆಯ ಗೃಹಿಣಿ, ವಿಜಯಪುರ