ಮಾರ್ಕ್ಸ್ ಕೊಡ್ತಾರೆ, ನಗೋದೂ ನಗ್ತಾರೆ

ಸಂಪಾದಕರೇ,

ದೇವರನ್ನ ನಂಬೋ, ಹಳೇ ಸಂಪ್ರದಾಯನೇ ಸರಿ ಅನ್ನೋ ಹುಡುಗ್ರನ್ನ ಕಾಲೇಜು ಪ್ರೊಫೆಸರ್‌ಗಳು ಸರಿಯಾಗಿ ನಡೆಸ್ಕೊಳ್ತಾರಾ ಅನ್ನೋ ಚರ್ಚೆ ಮುಗಿಯೋದೇ ಇಲ್ಲ. ನಾನು ನೋಡಿದ ಹಾಗೆ ಮಾರ್ಕ್ಸ್ ಕಟ್ ಮಾಡೋರು ಕಮ್ಮಿ, ನಗೋರು ಜಾಸ್ತಿ. ಡಿಗ್ರಿ ಓದುವಾಗ ಸೆಮಿನಾರಲ್ಲಿ ಒಬ್ಳು ಹುಡುಗಿ ಮದುವೆ ಬಗ್ಗೆ ತನ್ನ ಧರ್ಮ ಏನ್ ಹೇಳತ್ತೆ ಅಂತ ಶುರು ಮಾಡಿದ್ಲು, ಮೇಷ್ಟ್ರು ಕನ್ನಡಕ ಹಣೆ ಮೇಲಕ್ಕೇರಿಸಿ "ಇನ್ನೂ ಯಾವ ಶತಮಾನದಲ್ಲಿದೀಯಮ್ಮ" ಅಂದ್ರು, ಕ್ಲಾಸೆಲ್ಲ ಗೊಳ್ ಅಂತು, ನಾನೂ ನಕ್ಕೆ (ಈಗ ನಾಚಿಕೆ ಆಗತ್ತೆ), ಅವಳು ಆ ವರ್ಷ ಪೂರ್ತಿ ಬಾಯಿ ಬಿಡ್ಲಿಲ್ಲ. ಮಾರ್ಕ್ಸ್ ಮಾತ್ರ ಚೆನ್ನಾಗೇ ಬಂತು ಅನ್ನಿ.

ಅಮೆರಿಕದ ಪ್ರೊಫೆಸರ್‌ಗಳ ಸಂಘ 1915ರಲ್ಲೇ ಹೇಳಿತ್ತು, ಪಾಠ ಮಾಡೋರು ಬೇರೆಯವರ ಭಿನ್ನಾಭಿಪ್ರಾಯನೂ ಮುಚ್ಚಿಡದೆ, ಕೊಂಕಿಲ್ದೆ ಮುಂದಿಡ್ಬೇಕು ಅಂತ. ಹಾಗಂತ ಜೀವವಿಕಾಸದ ಪ್ರಶ್ನೆಗೆ "ನಮ್ಮ ಗ್ರಂಥದಲ್ಲಿ ಹೀಗಿದೆ" ಅಂತಷ್ಟೇ ಬರೆದು ಫುಲ್ ಮಾರ್ಕ್ಸ್ ಕೇಳೋದೂ ಆಗಲ್ಲ, ಅಲ್ಲಿ ಸೊನ್ನೆ ಕೊಟ್ರೆ ಅದು ಅನ್ಯಾಯ ಅಲ್ಲ. ಪೇಪರ್ ಮೇಲೆ ಹೆಸರು ಮುಚ್ಚಿ ತಿದ್ದಿಸಿದ್ರೆ ಮಾರ್ಕ್ಸಿನ ಅನುಮಾನ ಅರ್ಧ ಹೋಗತ್ತೆ, ಆದ್ರೆ ಕ್ಲಾಸಲ್ಲಿ ನಕ್ಕಿದ್ದಕ್ಕೆ ರೀವ್ಯಾಲ್ಯುಯೇಷನ್ ಇಲ್ವಲ್ಲ.

— ಒಬ್ಬ ಓದುಗ